ಎಷ್ಟು ಬಂಜು?

ಇವತ್ತಿನ ಉಪನ್ಯಾಸಕ್ಕೆ ನನಗೆ ಕೊಟ್ಟ ವಿಷಯ ‘ಗುಡ್ಡದ ಮನೆಯಲ್ಲಿ ಇಬ್ಬರ ಬದುಕು’. ಫೋನ್ ಬಂದಾಗ ನಾನು ಕೊಟ್ಟಿಗೆ ಹಿಂದಿನ ದಿಬ್ಬದ ಮೇಲೆ ನಿಂತಿದ್ದೆ. ನಮ್ಮಲ್ಲಿ ಸಿಗ್ನಲ್ ಸಿಗೋದು ಅಲ್ಲಿ ಮಾತ್ರ. ಮಳೆ ಹೊಯ್ತಾ ಇತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು, ಕಾಲಿಗೆ ಉಂಬಳ (ಜಿಗಣೆ) ಹತ್ತಿತ್ತು. ಅದನ್ನು ಕೀಳುವ ಅವಸರದಲ್ಲಿ ‘ಹೂಂ, ಹೂಂ’ ಅಂದುಬಿಟ್ಟೆ. ಪೂರ್ತಿ ಕೇಳಿಸಿಕೊಂಡಿದ್ದರೆ ಒಪ್ಪುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ನಮ್ಮನೆಯವರು ಮೂರನೇ ಸಾಲಿನಲ್ಲಿ ಕೂತಿದ್ದಾರೆ. ನಾನು ಅಂಕಿ ತಪ್ಪು ಹೇಳಿದರೆ ಅವರು ಕೈ ಎತ್ತುತ್ತಾರೆ. ಎತ್ತಲಿ. ಮೂವತ್ತೈದು ವರ್ಷದಿಂದ ಎತ್ತುತ್ತಲೇ ಇದ್ದಾರೆ.

ಪೇಟೆಯಿಂದ ಬಂದ ನೆಂಟರು ಕೇಳುವ ಪ್ರಶ್ನೆ ಒಂದೇ. ‘ಇಬ್ಬರೇ ಇರ್ತೀರಲ್ಲ, ಬೇಜಾರು ಬರಲ್ವಾ?’ ಮೊದಲ ದಿನ ಬಂದು ಕಾಲು ತೊಳೆಯುವಾಗ ‘ಆಹಾ, ಎಂಥ ಜಾಗ’ ಅಂತಾರೆ. ಮೂರನೇ ದಿನ ಮಧ್ಯಾಹ್ನ ಜಗುಲಿಯಲ್ಲಿ ಕೂತು ಈ ಪ್ರಶ್ನೆ ಕೇಳ್ತಾರೆ. ನಾಲ್ಕನೇ ದಿನ ಬಸ್ಸು ಹತ್ತುತ್ತಾರೆ. ನಾನು ಇಷ್ಟು ದಿನ ‘ಕೆಲಸ ಇರ್ತದಲ್ಲ’ ಅಂತ ಉತ್ತರ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಇವತ್ತು ತಪ್ಪಿಸಿಕೊಳ್ಳುವ ಹಾಗಿಲ್ಲ.

ಮೊದಲು ನಮ್ಮ ಜಾಗ ಹೇಗಿದೆ ಅಂತ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಅರ್ಧ ಜನಕ್ಕೆ ಇದು ಗೊತ್ತು, ಉಳಿದರ್ಧಕ್ಕೆ ಗೊತ್ತಿರಲಿ. ಶಿರಸಿಯಿಂದ ಘಟ್ಟದ ಅಂಚಿನ ಕಡೆ ಹೋಗುವ ಬಸ್ಸು ಹಿಡಿದು, ಇಳಿದು, ಒಂದೂವರೆ ಮೈಲು ನಡೆದರೆ ನಮ್ಮನೆ. ಕಣಿವೆಯ ತಳದಲ್ಲಿ ಅಡಿಕೆ ತೋಟ, ಅದರ ಮೇಲೆ ಮನೆ, ಮನೆ ಮೇಲೆ ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ಬೇಕು ಅಂತ ಬ್ರಿಟಿಷರ ಕಾಲದಲ್ಲೇ ನಮ್ಮ ಜಿಲ್ಲೆಯ ತೋಟಿಗರಿಗೆ ಬೆಟ್ಟದ ಸೌಲಭ್ಯ ಕೊಟ್ಟರು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಸೊಪ್ಪಿಗೆ ಅದು ಒಳ್ಳೇದೇ. ಆದರೆ ಲೆಕ್ಕ ಹಾಕಿ ನೋಡಿ. ಎರಡು ಎಕರೆ ತೋಟದ ಮನೆ, ಅದಕ್ಕೆ ಹದಿನೆಂಟು ಎಕರೆ ಕಾಡು. ಆಮೇಲೆ ಪಕ್ಕದ ಮನೆ. ಸಕ್ಕರೆ ಖಾಲಿಯಾಯ್ತು ಅಂತ ಬಟ್ಟಲು ಹಿಡಿದು ಓಡುವ ದೂರವಲ್ಲ ಅದು. ನಮ್ಮಲ್ಲಿ ಊರು ಅಂದರೆ ಒಂದೊಂದು ಕಣಿವೆಗೆ ಒಂದೊಂದು ಹೊಗೆ.

ದಿನ ಹೇಗೆ ಹೋಗುತ್ತೆ ಅಂತ ಉದ್ದ ಹೇಳಲ್ಲ. ಬೆಳಿಗ್ಗೆ ಐದೂವರೆಗೆ ಬಚ್ಚಲ ಒಲೆಗೆ ಬೆಂಕಿ, ಕೊಟ್ಟಿಗೆ, ಹಾಲು ಕರೆಯೋದು, ಕಷಾಯ, ತೆಳ್ಳೇವು ಅಂದರೆ ತೆಳು ದೋಸೆ. ಒಂಬತ್ತಕ್ಕೆ ಅವರು ತೋಟಕ್ಕೆ ಇಳಿದರೆ ಹನ್ನೆರಡೂವರೆಗೆ ಮೇಲೆ ಬರ್ತಾರೆ. ಊಟಕ್ಕೆ ಒಂದು ತಂಬುಳಿ, ಒಂದು ಸಾರು. ಮಧ್ಯಾಹ್ನ ಒಂದು ನಿದ್ದೆ. ಮಗಳು ಬೆಂಗಳೂರಿನಲ್ಲಿ, ಮಗ ಪುಣೆಯಲ್ಲಿ. ಅವರು ಬರೋದು ಚೌತಿಗೆ, ಮತ್ತೆ ಮಾರಿ ಜಾತ್ರೆ ಇದ್ದ ವರ್ಷ. ಇಷ್ಟೇ. ಇದರಲ್ಲಿ ಹೇಳೋಕೆ ಏನಿದೆ? ಕೆಲಸ ಎಲ್ಲರ ಮನೆಯಲ್ಲೂ ಇರುತ್ತೆ. ಕೆಲಸದ ಮಾತೂ ಇರುತ್ತೆ. ‘ಗೊಬ್ಬರ ಬಂತಾ? ಅಡಿಕೆ ಕೊನೆ ಕೊಯ್ಯೋ ಕೊನೆಗೌಡ ಯಾವಾಗ ಬರ್ತಾನಂತೆ? ಆಕಳಿಗೆ ಹಿಂಡಿ ಹಾಕಿದ್ಯಾ?’ ಮದುವೆಯಾಗಿ ಏಳೆಂಟು ವರ್ಷಕ್ಕೆ ನಮಗೆ ಇಂಥ ಪ್ರಶ್ನೆ ಬಿಟ್ಟು ಬೇರೆ ಮಾತೇ ಇರಲಿಲ್ಲ. ಜಗಳವೂ ಇರಲಿಲ್ಲ. ಜಗಳಕ್ಕೂ ವಿಷಯ ಬೇಕಲ್ಲ.

ಮಾತು ಶುರುವಾಗಿದ್ದು ಒಂದು ಪ್ಲಾಸ್ಟಿಕ್ ಆಲಿಕೆಯಿಂದ. ಅದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೇನೆ.

1997ರ ಮೇ ತಿಂಗಳಲ್ಲಿ ನಮ್ಮನೆಯವರು ಹುಬ್ಬಳ್ಳಿಗೆ ಹೋಗಿದ್ದರು, ಪಂಪಿನ ಸಾಮಾನು ತರೋಕೆ. ಪಂಪಿನ ಸಾಮಾನು ತಂದರು. ಜೊತೆಗೆ ಒಂದು ಆಲಿಕೆ, ಒಂದು ಅಳತೆ ಗಾಜು ತಂದರು. ಶಾಲೆಯ ಪ್ರಯೋಗಾಲಯದಲ್ಲಿ ಇರುತ್ತಲ್ಲ, ಗೆರೆ ಹಾಕಿದ ಉದ್ದ ಗಾಜು, ಅದು. ನಾನು ಸೀಮೆಎಣ್ಣೆ ಅಳೆಯೋಕೆ ತಂದಿದ್ದಾರೆ ಅಂದುಕೊಂಡೆ. ಅವರು ಅಂಗಳದ ನಡುವೆ, ಮರದ ನೆರಳು ಬೀಳದ ಕಡೆ ಒಂದು ಕಂಬ ನೆಟ್ಟರು. ಅದರ ಮೇಲೆ 5 ಲೀಟರಿನ ಕ್ಯಾನು ಕಟ್ಟಿದರು. ಅದರ ಬಾಯಿಗೆ ಆಲಿಕೆ. ‘ಇದೆಂತದು?’ ಅಂದೆ. ‘ಮಳೆ ಅಳೆಯೋಕೆ’ ಅಂದರು. ‘ಅಳೆದು?’ ಅಂದೆ. ಅದಕ್ಕೆ ಉತ್ತರ ಬರಲಿಲ್ಲ.

ಲೆಕ್ಕ ಸುಲಭ. ಆಲಿಕೆ ಬಾಯಿ 20 ಸೆಂಟಿಮೀಟರ್ ಅಗಲ. ಅದರ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಕ್ಯಾನಿನಲ್ಲಿ 31 ಮಿಲಿಲೀಟರಿಗೆ ಚೂರು ಜಾಸ್ತಿ ನೀರು ಸಿಗುತ್ತೆ. ಬೆಳಿಗ್ಗೆ ನೀರು ಅಳೆದು ಭಾಗಿಸಿದರೆ ಆಯ್ತು. ಹವಾಮಾನ ಇಲಾಖೆಯವರು ದೇಶದ ತುಂಬ ಮಳೆ ಅಳೆಯೋದು ಬೆಳಿಗ್ಗೆ ಎಂಟೂವರೆಗೆ. ಹಾಗಾಗಿ ಇವರಿಗೂ ಎಂಟೂವರೆ. ಎಂಟೂ ಇಪ್ಪತ್ತಲ್ಲ, ಒಂಬತ್ತಲ್ಲ. ಜೂನ್ 1ರಿಂದ ಬರೆಯೋಕೆ ಶುರು ಮಾಡಿದರು. ಒಂದು ಮಳೆಗಾಲಕ್ಕೆ ಒಂದು ನೋಟುಬುಕ್. ಈಗ 28 ಆಗಿವೆ. ನಾಗಂದಿಗೆ (ಗೋಡೆಯ ಹಲಗೆ) ಮೇಲೆ ಸಾಲಾಗಿ ಇಟ್ಟಿದ್ದಾರೆ. ಅಳಿಯ ಬಂದರೆ ಮೊದಲು ತೋರಿಸೋದು ಅದನ್ನೇ. ಪಾಪ ಅವನು.

ಮೊದಲು ನನಗೆ ಸಿಟ್ಟು ಬರ್ತಿತ್ತು. ತೆಳ್ಳೇವು ಆರ್ತಾ ಇರುತ್ತೆ, ಇವರು ಅಂಗಳದಲ್ಲಿ ಕೊಡೆ ಹಿಡಿದು ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡ್ತಾ ಇರ್ತಾರೆ. ಒಂದು ದಿನ ಸಿಟ್ಟಿನಲ್ಲೇ ಕೇಳಿದೆ, ‘ಎಷ್ಟು ಬಂಜು?’ ನಮ್ಮ ಹವ್ಯಕ ಮಾತಲ್ಲಿ ಎಷ್ಟು ಬಂದಿದೆ ಅಂತ. ಅವರು ‘ತೊಂಬತ್ತೆರಡು’ ಅಂದರು. ಅಂದು ಸುಮ್ಮನಾಗಲಿಲ್ಲ. ಮೊನ್ನೆಗಿಂತ ಜಾಸ್ತಿ, ರಾತ್ರಿ ಎರಡು ಗಂಟೆಗೆ ಶುರುವಾಗಿದ್ದು, ನಾಲ್ಕಕ್ಕೆ ನಿಂತಿತ್ತು, ನಾನು ಎದ್ದು ಕೇಳಿದೆ, ಅಂತೆಲ್ಲ ಹೇಳಿದರು. ತೆಳ್ಳೇವು ತಿಂತಾ ಹತ್ತು ನಿಮಿಷ ಮಾತಾಡಿದರು. ನಮ್ಮನೆಯವರು ಹತ್ತು ನಿಮಿಷ ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು. ಮರುದಿನ ಸಿಟ್ಟಿಲ್ಲದೆ ಕೇಳಿದೆ. ಅಲ್ಲಿಂದ ಇಲ್ಲಿವರೆಗೆ ಮಳೆಗಾಲದಲ್ಲಿ ನಮ್ಮನೆಯ ದಿನ ಶುರುವಾಗೋದು ಅದೇ ಪ್ರಶ್ನೆಯಿಂದ.

ಇದರಿಂದ ಉಪಯೋಗ ಇಲ್ಲ ಅಂತಲ್ಲ. ಅಡಿಕೆಗೆ ಕೊಳೆರೋಗ ಬರೋದು ಬಿಡದೆ ಹೊಯ್ಯುವ ಮಳೆಯಲ್ಲಿ. ಮಳೆಗಾಲ ಹಿಡಿಯುವ ಮೊದಲೊಮ್ಮೆ ಬೋರ್ಡೋ ದ್ರಾವಣ ಹೊಡೀಬೇಕು, ಆಮೇಲೆ 40–45 ದಿನಕ್ಕೆ ಇನ್ನೊಮ್ಮೆ. ಆ ಎರಡನೇ ಸಲದ ಮದ್ದು ಇದೆಯಲ್ಲ, ಅದಕ್ಕೆ ಮಳೆಯ ನಡುವೆ ಒಂದು ಬಿಡುವು ಹುಡುಕಬೇಕು. ಇವರು ಹಳೇ ನೋಟುಬುಕ್ ತೆಗೆದು ‘ಜುಲೈ ಮೂರನೇ ವಾರ ಇಷ್ಟು ವರ್ಷ ಹೊಳವಾಗಿತ್ತು’ ಅಂತಾರೆ. ಹೊಳವು ಅಂದರೆ ಮಳೆ ಬಿಟ್ಟು ಬಿಸಿಲು ಕಾಣೋದು. ಸುಮಾರು ಸಲ ಅವರ ಲೆಕ್ಕ ಸರಿಯಾಗಿದೆ. ಸುಮಾರು ಸಲ ಇಡೀ ಡ್ರಮ್ಮು ದ್ರಾವಣ ತಯಾರಾದ ಮೇಲೆ ಆಕಾಶ ಒಡೆದಿದೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಕಲಸಿದ್ದನ್ನು ಅವತ್ತೇ ಖಾಲಿ ಮಾಡಬೇಕು, ನಾಳೆಗೆ ಇಡೋ ಹಾಗಿಲ್ಲ. ದ್ರಾವಣ ಹದವಾಗಿದೆಯಾ ಅಂತ ನೋಡೋಕೆ ಕತ್ತಿ ಅದ್ದುತ್ತಾರೆ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ನಮ್ಮನೆಯ ಎಷ್ಟೋ ಅಡುಗೆ ಕತ್ತಿ ಹೀಗೆ ಹಾಳಾಗಿವೆ. ಅದು ಬೇರೆ ವಿಷಯ, ಆದರೆ ಅವರು ಕೇಳಿಸಿಕೊಳ್ಳಲಿ ಅಂತ ಹೇಳಿದೆ.

ಆದರೆ ಇವರು ಅಳೆಯೋದು ಉಪಯೋಗಕ್ಕೆ ಅಂತ ಅಲ್ಲ. ಉಪಯೋಗ ಅಂತ ನೆಂಟರಿಗೆ ಹೇಳ್ತಾರೆ. ಬೇಸಿಗೆಯಲ್ಲಿ ಅಡ್ಡಮಳೆ ಎರಡು ಹನಿ ಬಿದ್ದರೂ ಗಾಜು ಹಿಡಿದು ಓಡುತ್ತಾರೆ. ಎರಡು ಹನಿಯಿಂದ ಯಾವ ಅಡಿಕೆಗೆ ಏನಾಗಬೇಕು?

2021ರ ಜುಲೈ 22ರ ರಾತ್ರಿ ನಿಮಗೆಲ್ಲ ನೆನಪಿದೆ. ಯಲ್ಲಾಪುರ ಕಡೆ ಕಳಚೆಯಲ್ಲಿ ಗುಡ್ಡ ಕುಸಿದದ್ದು, ಗುಳ್ಳಾಪುರದ ಸೇತುವೆ ಹೋಗಿದ್ದು ಅದೇ ಮಳೆಯಲ್ಲಿ. ನಮ್ಮಲ್ಲಿ ಕರೆಂಟು ಸಂಜೆಯೇ ಹೋಗಿತ್ತು. ರಾತ್ರಿಯಿಡೀ ಮಾಡಿನ ಮೇಲೆ ಯಾರೋ ಜಲ್ಲಿ ಸುರೀತಾ ಇದ್ದ ಹಾಗೆ ಸದ್ದು. ಇಬ್ಬರೂ ಮಲಗಲಿಲ್ಲ. ಬೆಳಗಾದ ಮೇಲೆ ನೋಡಿದರೆ ಹಳ್ಳದ ಸಂಕ (ಕಾಲುಸೇತುವೆ) ಇಲ್ಲ. ತೋಟದ ಕೆಳಗಿನ ಹಾಸು ನೀರೊಳಗೆ. ಇವರು ಅದನ್ನೆಲ್ಲ ನೋಡಿ ಬಂದು, ಎಂಟೂವರೆಗೆ ಕ್ಯಾನಿನ ಹತ್ತಿರ ಹೋಗಿ ನಿಂತರು. ಅಲ್ಲೇ ನಿಂತೇ ಇದ್ದರು.

ಹತ್ತಿರ ಹೋದೆ. ‘ತುಂಬಿ ಹೊರಗೆ ಹೋಜು’ ಅಂದರು. ಅಂದರೆ ಕ್ಯಾನು ತುಂಬಿ ಚೆಲ್ಲಿದೆ. 5 ಲೀಟರ್ ಅಂದರೆ ಹೆಚ್ಚುಕಡಿಮೆ 159 ಮಿಲಿಮೀಟರ್. ಅದಕ್ಕಿಂತ ಮೇಲೆ ಎಷ್ಟು ಬಂತು ಅಂತ ಹೇಳೋಕೆ ದಾರಿ ಇಲ್ಲ. ಅಷ್ಟು ವರ್ಷದಲ್ಲಿ ಒಂದೂ ದಿನ ತಪ್ಪದ ಲೆಕ್ಕ ಅವತ್ತು ತಪ್ಪಿತು. ಸಂಕ ಹೋಗಿದ್ದಕ್ಕೆ ಬಾರದ ಬೇಜಾರು ಆ ಮುಖದಲ್ಲಿತ್ತು. ನಗಬಾರದು, ಆದರೆ ನಗು ಬಂತು. ನಗುವಾಗಲೇ ನನ್ನ ಕಣ್ಣಿಗೆ ಬಿದ್ದಿದ್ದು ಉಪ್ಪಿನಕಾಯಿ ಡಬ್ಬಿ.

ಸ್ಟೀಲಿನ ಡಬ್ಬಿ, ಹತ್ತು ಲೀಟರಿನದು. ಹಿಂದಿನ ಸಂಜೆ ತೊಳೆದು, ವಾಸನೆ ಹೋಗಲಿ ಅಂತ ಅಂಗಳದ ಕಟ್ಟೆ ಮೇಲೆ ಬಾಯಿ ಮೇಲೆ ಮಾಡಿ ಇಟ್ಟಿದ್ದೆ, ಒಳಗೆ ತರೋದು ಮರೆತಿದ್ದೆ. ಅದರಲ್ಲಿ ನೀರು ನಿಂತಿತ್ತು. ಇವರು ನನ್ನ ಮುಖ ನೋಡಿದರು, ಡಬ್ಬಿ ನೋಡಿದರು, ಒಳಗೆ ಓಡಿ ಸ್ಕೇಲು ತಂದರು. ಪಾತ್ರೆ ಮೇಲಿಂದ ಕೆಳಗಿನವರೆಗೆ ನೆಟ್ಟಗಿದ್ದರೆ ಆಲಿಕೆ, ಲೆಕ್ಕ ಏನೂ ಬೇಡವಂತೆ. ಬಾಯಿ ಎಷ್ಟೇ ಅಗಲ ಇರಲಿ, ನೀರು ಎಷ್ಟು ಎತ್ತರ ನಿಂತಿದೆಯೋ ಅಷ್ಟು ಮಳೆ. 19 ಸೆಂಟಿಮೀಟರ್ ಇತ್ತು. ನೂರಾ ತೊಂಬತ್ತು ಮಿಲಿಮೀಟರ್! ಇವರಿಗೆ ಹೋದ ಜೀವ ಬಂತು. ಆಮೇಲೆ ಗುಣಾಕಾರ ಶುರು. ‘ನೀನು ಡಬ್ಬಿ ಇಟ್ಟಿದ್ದು ಎಷ್ಟು ಗಂಟೆಗೆ?’ ‘ದೀಪ ಹಚ್ಚೋ ಹೊತ್ತಿಗೆ.’ ‘ದೀಪ ಹಚ್ಚಿದ್ದು ಎಷ್ಟು ಗಂಟೆಗೆ?’ ಪೊಲೀಸರೂ ಹೀಗೆ ಕೇಳಲ್ಲ.

ಆ ದಿನದ ಪುಟದಲ್ಲಿ ಅವರು ಬರೆದದ್ದು ನನಗೆ ಬಾಯಿಪಾಠ. ‘ಕ್ಯಾನು ತುಂಬಿ ಚೆಲ್ಲಿದೆ. ಉಪ್ಪಿನಕಾಯಿ ಡಬ್ಬಿಯ ಪ್ರಕಾರ ಸಂಜೆ ಆರೂವರೆಯಿಂದ 190.’ ಇಪ್ಪತ್ತನಾಲ್ಕು ವರ್ಷದ ನೋಟುಬುಕ್ಕಿನಲ್ಲಿ ನನ್ನ ಪಾತ್ರೆಯೊಂದು ಸೇರಿದ್ದು ಅವತ್ತು. ಈಗ ಆ ಡಬ್ಬಿಯಲ್ಲಿ ಉಪ್ಪಿನಕಾಯಿ ಹಾಕೋಕೆ ಬಿಡಲ್ಲ. ಜೂನ್ ಬಂತು ಅಂದರೆ ಕಂಬದ ಪಕ್ಕ ಅದೂ ಡ್ಯೂಟಿಗೆ ನಿಲ್ಲುತ್ತೆ.

ಇನ್ನು ನನ್ನ ಕಥೆ. ನನ್ನದಕ್ಕಿಂತ ಮೊದಲು ನಮ್ಮ ಅತ್ತೆಯದು.

ಅತ್ತೆಗೆ ‘ಹವ್ಯಾಸ’ ಅನ್ನೋ ಶಬ್ದ ಗೊತ್ತಿರಲಿಲ್ಲ. ಅವರು ‘ಮರುಳು’ ಅಂತಿದ್ದರು. ‘ಅವಳಿಗೆ ಹಾಡಿನ ಮರುಳು’, ‘ನಂಗೆ ಡೇರೆ ಮರುಳು’. ಡೇರೆ ಹೂವು, ಡೇಲಿಯಾ ಅಂತಾರಲ್ಲ, ಅದು ನಿಮಗೆ ಗೊತ್ತು. ಮೆಕ್ಸಿಕೋ ದೇಶದ ಗಿಡವಂತೆ, ಆದರೆ ಶಿರಸಿ ಸಿದ್ದಾಪುರದ ಹೆಂಗಸರ ಕೈಗೆ ಸಿಕ್ಕಮೇಲೆ ಅದು ನಮ್ಮದೇ ಆಯ್ತು. ಮಳೆ ಹಿಡಿಯುವ ಹೊತ್ತಿಗೆ ಗಡ್ಡೆ ನೆಟ್ಟರೆ ಚೌತಿ ಹೊತ್ತಿಗೆ ತಲೆ ಗಾತ್ರದ ಹೂ. ಗಿಡಕ್ಕೆ ಊರುಗೋಲು ಕೊಡಬೇಕು, ಹೂವಿನ ಮುಖ ಮಳೆಗೆ ಕೆಡದ ಹಾಗೆ ನೋಡಬೇಕು, ಹೂವೆಲ್ಲ ಮುಗಿದ ಮೇಲೆ ಗಡ್ಡೆ ಕಿತ್ತು ಒಣಮರಳಿನಲ್ಲಿ ಮುಂದಿನ ವರ್ಷಕ್ಕೆ ಇಡಬೇಕು. ಅತ್ತೆಯ ಹತ್ತಿರ ಮೂವತ್ತಕ್ಕೂ ಜಾಸ್ತಿ ಬಣ್ಣ ಇತ್ತು. ಮದುವೆಮನೆ, ಮುಂಜಿಮನೆ, ಎಲ್ಲಿ ಹೋದರೂ ಊಟಕ್ಕಿಂತ ಮೊದಲು ಅವರ ಕಣ್ಣು ಅಂಗಳದ ಮೇಲೆ. ಗಡ್ಡೆಗೆ ಗಡ್ಡೆ ಬದಲು. ಕೊಡದಿದ್ದರೆ ಸೆರಗಿನಲ್ಲಿ ಒಂದು ತುಂಡು ಹೇಗೋ ಬರ್ತಿತ್ತು. ಕದ್ದ ಗಿಡ ಚೆನ್ನಾಗಿ ಬರುತ್ತೆ ಅಂತ ನಂಬಿಕೆ ಬೇರೆ.

ನಾನು ಮದುವೆಯಾಗಿ ಬಂದ ವರ್ಷ ಅತ್ತೆ ನನಗೆ ಅಡುಗೆಮನೆ ಪೂರ್ತಿ ಕೊಟ್ಟರು, ಡೇರೆ ಮಡಿಯನ್ನು ಕೊಡಲಿಲ್ಲ. ‘ನಿನ್ನ ಮರುಳು ನೀನೇ ಹುಡುಕಿಕೋ ತಂಗಿ’ ಅಂದರು. ಆಗ ಕೋಪ ಬಂದಿತ್ತು. ಅವರ ಡೇರೆಗೆ ಈಗಲೂ ನೀರು ಹಾಕ್ತೇನೆ, ಎಂಟು ಬಣ್ಣ ಉಳಿದಿವೆ. ಆದರೆ ನನ್ನ ಮರುಳು ಸಿಕ್ಕಿದ್ದು ತಡವಾಗಿ, ಐವತ್ತು ಸಮೀಪಿಸಿದ ಮೇಲೆ. ಅದು ಮಿಡಿ, ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ.

ನಮ್ಮ ತೋಟದ ಕೆಳಗೆ ಹಳ್ಳದ ದಂಡೆಯಲ್ಲಿ ಒಂದು ಅಪ್ಪೆಮರ, ಅಂದರೆ ಮಿಡಿ ಮಾವಿನ ಮರ ಇತ್ತು. ಜೀರಿಗೆ ಜಾತಿ. ತೊಟ್ಟು ಮುರಿದರೆ ಸೊನೆ ಚಿಮ್ಮಿ ಇಡೀ ಕೈ ಜೀರಿಗೆ ಪರಿಮಳ. ಉಪ್ಪಿನಲ್ಲಿ ಹಾಕಿ ಚಿರುಟಿಸಿದರೆ ವರ್ಷಗಟ್ಟಲೆ ಕೆಡದ ಮಿಡಿ. ಮಿಡಿ ಕೊಯ್ಯೋದು ಅಂದರೆ ಎಲ್ಲರ ಕೆಲಸವಲ್ಲ. ಹೊಳೆ ಮೇಲೆ ಬಾಗಿದ ಕೊಂಬೆಗೆ ಹತ್ತಬೇಕು, ಬುಟ್ಟಿಯನ್ನು ಹಗ್ಗದಲ್ಲಿ ಇಳಿಸಬೇಕು, ಒಂದು ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಅದು ಭರಣಿಯಲ್ಲಿ ಕೊಳೆತು ಉಳಿದದ್ದನ್ನೂ ಕೆಡಿಸುತ್ತೆ. ಕೆಲವರಿಗೆ ಇಷ್ಟು ತಾಳ್ಮೆ ಇಲ್ಲ. ಕೊಂಬೆಯನ್ನೇ ಕಡಿದು ಕೆಳಗೆ ಹಾಕಿ ಮಿಡಿ ಬಿಡಿಸಿಕೊಂಡು ಹೋಗ್ತಾರೆ. ಹೊಳೆಸಾಲಿನ ಎಷ್ಟೋ ಒಳ್ಳೇ ಮರ ಹೀಗೇ ಹೋಗಿವೆ. 2014ರಲ್ಲಿ ನಮ್ಮ ಮರದ್ದೂ ಎರಡು ದೊಡ್ಡ ಕೊಂಬೆ ಹೋಯ್ತು. ಅವತ್ತು ಮೊದಲ ಸಲ ಹೆದರಿಕೆಯಾಯ್ತು. ಈ ಮರ ಹೋದರೆ ಈ ಪರಿಮಳ ಹೋಯ್ತು. ಗೊರಟು ಹಾಕಿದರೆ ತಾಯಿಮರದ ಗುಣ ಬರುತ್ತೆ ಅಂತ ಹೇಳೋಕಾಗಲ್ಲ. ಕಸಿ ಕಟ್ಟಬೇಕು.

ಕಸಿ ಕಟ್ಟೋದು ನೋಡೋಕೆ ಸುಲಭ. ಕಾಟು ಮಾವಿನ ಸಸಿಯ ತಲೆ ಕತ್ತರಿಸಿ ನಡುವೆ ಸೀಳಬೇಕು. ಅಪ್ಪೆಮರದ ಪೆನ್ಸಿಲ್ ಗಾತ್ರದ ಕಡ್ಡಿಯನ್ನು ಎರಡೂ ಕಡೆ ಕೆತ್ತಿ ಅದರೊಳಗೆ ಕೂರಿಸಬೇಕು. ತೊಗಟೆಗೆ ತೊಗಟೆ ಕೂಡಬೇಕು. ಪಟ್ಟಿ ಸುತ್ತಿ, ಮೇಲೆ ಐಸ್‌ಕ್ಯಾಂಡಿ ಕವರಿನ ಟೋಪಿ ಹಾಕಬೇಕು, ತೇವ ಆರದ ಹಾಗೆ. ಎರಡು ಮೂರು ವಾರಕ್ಕೆ ಚಿಗುರಬೇಕು. ಚಿಗುರಬೇಕು! ನಾನು ಮೊದಲ ವರ್ಷ ನಲವತ್ತು ಕಟ್ಟಿದೆ. ಮೂರು ಬಂತು. ಉಳಿದ ಮೂವತ್ತೇಳು ಕಡ್ಡಿ ಟೋಪಿಯೊಳಗೆ ಕಪ್ಪಾಗಿ ನಿಂತಿದ್ದು ನೋಡಿದರೆ ಸ್ಮಶಾನ ನೋಡಿದ ಹಾಗೆ ಆಗ್ತಿತ್ತು.

ನಮ್ಮನೆಯವರು ಒಂದು ಮಾತು ಆಡಲಿಲ್ಲ. ಆದರೆ ಬೆಳಿಗ್ಗೆ ಮಳೆ ಅಳೆದು ಬರುವಾಗ ಕಸಿ ಗಿಡದ ಕಡೆ ಒಂದು ಸುತ್ತು ಹಾಕಿ ಬರ್ತಿದ್ದರು. ನಾನು ‘ಎಷ್ಟು ಬಂಜು?’ ಅಂತ ಕೇಳಿದ ಕೂಡಲೇ ಅವರು ‘ಎಷ್ಟು ಚಿಗುರಿದ್ದು?’ ಅಂತಿದ್ದರು. ಎಷ್ಟು ಚಿಗುರಿದೆ ಅಂತ ಅವರಿಗೆ ಗೊತ್ತು, ಆಗಲೇ ನೋಡಿ ಬಂದಿದ್ದಾರೆ. ಆದರೂ ಕೇಳ್ತಿದ್ದರು. ಮುಂದಿನ ವರ್ಷ ಜೂನ್‌ನಲ್ಲಿ ನೋಟುಬುಕ್ ತಂದು ನನ್ನ ಮುಂದೆ ಇಟ್ಟರು. ನಾನು ಯಾವ ದಿನ ಎಷ್ಟು ಕಸಿ ಕಟ್ಟಿದೆ ಅಂತ ಮಳೆ ಲೆಕ್ಕದ ಪಕ್ಕ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಬದುಕಿದ ಮೂರೂ ಗಿಡ ಜಡಿಮಳೆಯ ವಾರದಲ್ಲಿ ಕಟ್ಟಿದ್ದು. ಉಳಿದದ್ದೆಲ್ಲ ಹೊಳವಿನ ದಿನ, ನನಗೆ ಕೂತು ಕೆಲಸ ಮಾಡೋಕೆ ಆರಾಮ ಅಂತ ಆರಿಸಿಕೊಂಡ ಬಿಸಿಲಿನ ದಿನ. ಅದೊಂದೇ ತಪ್ಪಲ್ಲ. ಕಡ್ಡಿ ತರುವ ವಾರ ಹತ್ತು ದಿನ ಮೊದಲೇ ಅದರ ಎಲೆ ಕತ್ತರಿಸಿಡಬೇಕು ಅಂತಲೂ ಗೊತ್ತಿರಲಿಲ್ಲ. ಎರಡನೇ ವರ್ಷ ನಲವತ್ತಕ್ಕೆ ಹದಿನೇಳು ಬಂತು. ಇವರು ‘ಅಡ್ಡಿಲ್ಲೆ’ ಅಂದರು. ಶಿರಸಿಯವರಿಗೆ ನಾನು ಅರ್ಥ ಹೇಳಬೇಕಾಗಿಲ್ಲ. ಕರಾವಳಿಯಿಂದ ಬಂದವರಿಗೆ ಹೇಳ್ತೇನೆ, ನಮ್ಮ ಕಡೆ ಗಂಡಸರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ತಾಯಿಮರ 2019ರ ಆಗಸ್ಟಿನ ನೆರೆಯಲ್ಲಿ ದಂಡೆ ಸಮೇತ ಹೋಯ್ತು. ಅದರ ಮಕ್ಕಳು ಈಗ ನಮ್ಮಲ್ಲಿ ಹನ್ನೊಂದಿವೆ. ಇನ್ನೂ ಸುಮಾರು ಬೇರೆ ಬೇರೆ ಮನೆಯಲ್ಲಿವೆ.

ಇಷ್ಟೊತ್ತು ಚೆನ್ನಾಗಿ ನಡೆದದ್ದನ್ನೇ ಹೇಳಿದೆ. ಈಗ ನಡೆಯದ್ದು. ಗಂಡ ಹೆಂಡತಿ ಒಟ್ಟಿಗೆ ಮಾಡುವಂಥ ಹವ್ಯಾಸ ಇರಬೇಕು ಅಂತ ಈಗ ಎಲ್ಲರೂ ಹೇಳ್ತಾರೆ. ನಾವೂ ಮಾಡಿದೆವು, ಜೇನು. ತುಡುವೆ ಜೇನಿನ ಎರಡು ಪೆಟ್ಟಿಗೆ ತಂದು ಹಿತ್ತಲಲ್ಲಿ ಇಟ್ಟೆವು. ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು. ಮೂರು ತಿಂಗಳು ಸ್ವರ್ಗ. ಆಮೇಲೆ ಶುರು. ಇವರಿಗೆ ವಾರಕ್ಕೊಮ್ಮೆ ಪೆಟ್ಟಿಗೆ ತೆರೆದು ಚೌಕಟ್ಟು ಎಣಿಸಬೇಕು, ಬರೀಬೇಕು. ನನಗೆ, ಅವುಗಳ ಪಾಡಿಗೆ ಅವನ್ನು ಬಿಡಿ ಅಂತ. ಇವರು ತೆರೆದರೆ ನನಗೆ ಸಿಟ್ಟು, ನಾನು ಮುಚ್ಚಿದರೆ ಇವರಿಗೆ ಸಿಟ್ಟು. ಹೂಕಾಲದಲ್ಲಿ ಹೊಸ ರಾಣಿಯ ಮನೆ ಕಟ್ಟಿದ್ದು ಕಂಡರೆ ಅದನ್ನು ತೆಗೀಬೇಕು ಅಥವಾ ಕುಟುಂಬವನ್ನೇ ಎರಡು ಪಾಲು ಮಾಡಬೇಕು. ಇಲ್ಲ ಅಂದರೆ ಹಳೇ ರಾಣಿ ಅರ್ಧ ಹುಳ ಕಟ್ಟಿಕೊಂಡು ಹೊರಡುತ್ತೆ. ಆ ವಾರ ಇಬ್ಬರೂ ಮಾತು ಬಿಟ್ಟಿದ್ದೆವು. ಅವರು ತೆಗೆದಿದ್ದಾರೆ ಅಂತ ನಾನು, ನಾನು ತೆಗೆದಿದ್ದೇನೆ ಅಂತ ಅವರು. ಒಂದು ಮಧ್ಯಾಹ್ನ ಅಡಿಕೆ ಮರದೆತ್ತರಕ್ಕೆ ಕಪ್ಪು ಮೋಡದ ಹಾಗೆ ಎದ್ದು ಕಣಿವೆ ದಾಟಿ ಹೋದವು. ಇಬ್ಬರೂ ಜಗುಲಿಯಲ್ಲಿ ನಿಂತು ನೋಡಿದೆವು. ಪೆಟ್ಟಿಗೆಯಲ್ಲಿ ಉಳಿದ ಕುಟುಂಬಕ್ಕೆ ಮಳೆಗಾಲದಲ್ಲಿ ಮೇಣದ ಹುಳು ಹತ್ತಿತು. ಈಗ ಆ ಪೆಟ್ಟಿಗೆಯಲ್ಲಿ ಕೋಳಿ ಮೊಟ್ಟೆ ಇಡುತ್ತೆ ಅಂತ ಹೇಳೋಕೆ ನಮ್ಮದು ಕೋಳಿ ಸಾಕುವ ಮನೆಯಲ್ಲ. ಸುಮ್ನೆ ಬಿದ್ದಿವೆ.

ಗೋಡೆ ಸಂದಿಯಲ್ಲಿ ಮಿಸ್ರಿ ಜೇನು, ಕುಟುಕದ ಸಣ್ಣ ಜೇನು, ಈಗಲೂ ಇದೆ. ಅದಕ್ಕೆ ಯಾರ ಉಸಾಬರಿಯೂ ಬೇಡ. ಅದಕ್ಕೇ ಉಳಿದಿದೆ ಅಂತ ನನ್ನ ಅಭಿಪ್ರಾಯ.

ಹಾಗಾಗಿ ನಾನು ಹೇಳೋದು ಸ್ವಲ್ಪ ಬೇರೆ. ಇಬ್ಬರಿಗೂ ಒಂದೇ ಮರುಳು ಇದ್ದರೆ ಯಾರು ಯಾರನ್ನು ಕೇಳೋದು? ಇಬ್ಬರಿಗೂ ಗೊತ್ತಿರುತ್ತೆ. ನನಗೆ ಮಳೆ ಅಳೆಯೋಕೆ ಬರಲ್ಲ, ಕಲಿಯೋ ಮನಸ್ಸೂ ಇಲ್ಲ. ಅವರಿಗೆ ಕಸಿ ಚಾಕು ಕೊಟ್ಟರೆ ಹೆಬ್ಬೆರಳು ಕೊಯ್ದುಕೊಳ್ಳುತ್ತಾರೆ. ಅದಕ್ಕೇ ಬೆಳಿಗ್ಗೆ ಕೇಳೋಕೆ ಏನಾದರೂ ಇರುತ್ತೆ.

ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ವಿಷಯ ಇಲ್ಲೇ ಹೇಳಿಬಿಡ್ತೇನೆ, ಆಮೇಲೆ ಮರೆತುಹೋಗುತ್ತೆ. ನಮ್ಮ ಬೆಟ್ಟದ ಒಂದು ಹಳೇ ಮರದ ಪೊಟರೆಯಲ್ಲಿ ಅದು ಗೂಡು ಮಾಡುತ್ತೆ. ಹೆಣ್ಣು ಒಳಗೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು. ಮೊಟ್ಟೆ ಒಡೆದು ಮರಿ ದೊಡ್ಡದಾಗುವವರೆಗೆ ಗಂಡು ಹಣ್ಣು ತಂದು ತಂದು ಆ ಸೀಳಿನಿಂದ ಕೊಡಬೇಕು. ಇವರು ಅದನ್ನ ತೋರಿಸಿ ‘ನೋಡು, ಗಂಡಿನ ಕಷ್ಟ’ ಅಂದರು. ‘ನೋಡಿ, ಅವಳು ಅಷ್ಟು ದಿನ ಅಡುಗೆ ಮಾಡಲ್ಲ’ ಅಂದೆ ನಾನು.

ಸಂಜೆಗೆ ಬರೋಣ. ಮಳೆಗಾಲದಲ್ಲಿ ಕರೆಂಟು ಹೋದರೆ ವಾರ ಬರದಿದ್ದರೂ ಆಶ್ಚರ್ಯವಿಲ್ಲ. ಆಗ ನಮ್ಮನೆಯಲ್ಲಿ ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ. ಭಾಗವತರಿಲ್ಲ, ಮದ್ದಲೆಯಿಲ್ಲ, ಇಬ್ಬರೇ. ಇವರಿಗೆ ಊರಿನ ಕೂಟದಲ್ಲಿ ಅರ್ಥ ಹೇಳುವ ಅಭ್ಯಾಸ ಇದೆ. ಕೂಟ ಹತ್ತಿರ ಬಂತು ಅಂದರೆ ಕೊಟ್ಟಿಗೆಯಲ್ಲಿ ಆಕಳ ಎದುರು ಮಾತು ಕಟ್ಟುತ್ತಾರೆ. ಕೃಷ್ಣ ಸಂಧಾನಕ್ಕೆ ಬಂದ ಸಭೆಯಲ್ಲಿ ಇವರು ಕೌರವ. ಎದುರಿಗೆ ಕೃಷ್ಣ ಬೇಕಲ್ಲ, ನಾನು. ನಾನು ಮೆಟ್ಟುಗತ್ತಿಯ ಮೇಲೆ ಕೂತು ಹಲಸಿನಕಾಯಿ ಹೆಚ್ಚುತ್ತಾ ಐದು ಊರು ಕೇಳ್ತೇನೆ. ಅವರು ಸೂಜಿಮೊನೆಯಷ್ಟೂ ಕೊಡಲ್ಲ ಅಂತಾರೆ. ಒಂದು ರಾತ್ರಿ ನಾನು ಕೇಳಿದೆ, ‘ಕೌರವ, ಐದು ಊರು ಬೇಡ. ಹಿತ್ತಲ ಮೂಲೆಯಲ್ಲಿ ಐದು ಮಾರು ಜಾಗ ಕೊಡು, ಕಸಿ ಗಿಡಕ್ಕೆ ನೆರಳುಮನೆ ಕಟ್ಟಬೇಕು.’ ಕೌರವನಿಗೆ ಮಾತು ತಪ್ಪಿತು. ಅಲ್ಲಿ ಅವರು ಕಟ್ಟಿಗೆ ಒಟ್ಟುತ್ತಿದ್ದರು. ಮೂರು ದಿನ ಬಿಟ್ಟು ನೋಡಿದರೆ ಕಟ್ಟಿಗೆ ಕೊಟ್ಟಿಗೆ ಪಕ್ಕಕ್ಕೆ ಹೋಗಿತ್ತು. ಮಹಾಭಾರತ ಹಾಗೆ ಮುಗಿದಿದ್ದರೆ ಎಷ್ಟು ಜೀವ ಉಳೀತಿತ್ತು.

ಕೊನೆಗೆ ಒಂದು ಮಾತು, ಇಲ್ಲಿ ಗಂಡುಮಕ್ಕಳ ತಾಯಂದಿರು ಸುಮಾರು ಜನ ಕೂತಿದ್ದೀರಿ, ಅದಕ್ಕೆ. ತೋಟದ ಮನೆ ಹುಡುಗರಿಗೆ ಹೆಣ್ಣು ಸಿಗಲ್ಲ ಅನ್ನೋದು ನಮ್ಮೂರಿನ ದೊಡ್ಡ ದುಃಖ. ನೀವು ಹುಡುಗಿಗೆ ಏನು ತೋರಿಸ್ತೀರಿ? ತೋಟ ತೋರಿಸ್ತೀರಿ, ಅಂಗಳದವರೆಗೆ ಬಂದ ರಸ್ತೆ ತೋರಿಸ್ತೀರಿ, ‘ಈಗ ನಮ್ಮಲ್ಲೂ ವೈಫೈ ಬಂದಿದೆ’ ಅಂತೀರಿ. ಅಡುಗೆಮನೆಗೆ ಗ್ರಾನೈಟ್ ಹಾಕಿಸಿದ್ದೂ ತೋರಿಸ್ತೀರಿ. ನಾನು ಹುಡುಗಿಯಾಗಿದ್ದರೆ ಕೇಳ್ತಿದ್ದೆ, ಈ ಇಪ್ಪತ್ತು ಎಕರೆಯಲ್ಲಿ ನನ್ನ ಮರುಳಿಗೆ ಜಾಗ ಎಲ್ಲಿ? ನನ್ನ ಅತ್ತೆ ಡೇರೆ ಮಡಿ ಕೊಡದೆ ನನ್ನನ್ನು ಹೊರಗೆ ನೂಕಿದ್ದು ಒಳ್ಳೇದಕ್ಕೇ ಅಂತ ಈಗ ಅನಿಸುತ್ತೆ. ಆದರೆ ಅವರು ನೂಕಿದ ಮೇಲೂ ನನಗೆ ಐದು ಮಾರು ಜಾಗ ಸಿಗೋಕೆ ಇಪ್ಪತ್ತೈದು ವರ್ಷ ಹಿಡೀತು. ಈಗಿನ ಹುಡುಗಿಯರು ಅಷ್ಟು ಕಾಯಲ್ಲ. ಕಾಯಬಾರದು ಕೂಡ.

ಮಗಳು ರಾತ್ರಿ ಫೋನ್ ಮಾಡ್ತಾಳೆ. ಒಮ್ಮೊಮ್ಮೆ ಸಿಗುತ್ತೆ, ಒಮ್ಮೊಮ್ಮೆ ಇಲ್ಲ. ‘ಅಮ್ಮ, ಆರಾಮಾ?’ ಅಂತ ಕೇಳೋದನ್ನ ಬಿಟ್ಟು ಸುಮಾರು ವರ್ಷ ಆಯ್ತು. ‘ಎಷ್ಟು ಬಂಜು?’ ಅಂತ ಶುರು ಮಾಡ್ತಾಳೆ. ಬೆಂಗಳೂರಿನ ಬಾಲ್ಕನಿಯಲ್ಲಿ ನಾನು ಕೊಟ್ಟ ಒಂದು ಕಸಿ ಗಿಡ ಇಟ್ಟುಕೊಂಡಿದ್ದಾಳೆ, ಕುಂಡದಲ್ಲಿ. ಅದರಲ್ಲಿ ಮಿಡಿ ಬರೋದು ನನಗೆ ಅನುಮಾನ. ನಾನು ಹೇಳಿಲ್ಲ.

ಐದೂವರೆಗೆ ನಮ್ಮ ಕಡೆ ಬಸ್ಸು. ಅದು ತಪ್ಪಿದರೆ ಇವತ್ತು ಹಾಲು ಕರೆಯೋರಿಲ್ಲ. ಬರುವಾಗ ಚೀಲದಲ್ಲಿ ಎಂಟು ಕಸಿ ಗಿಡ ತಂದಿದ್ದೇನೆ, ಜೀರಿಗೆ ಮಿಡಿಯದು, ಈ ವರ್ಷದ್ದು. ದುಡ್ಡು ಬೇಡ. ನಿಮ್ಮ ಮನೆಯಲ್ಲಿ ನಮ್ಮಲ್ಲಿಲ್ಲದ ಡೇರೆ ಬಣ್ಣ ಇದ್ದರೆ ಒಂದು ಗಡ್ಡೆ ಎತ್ತಿಡಿ, ಅಷ್ಟೇ.

ಇವತ್ತು ಬೆಳಿಗ್ಗೆ ಏನಾಯ್ತು ಗೊತ್ತಾ? ಇಲ್ಲಿಗೆ ಬರುವ ಬಸ್ಸು ಎಂಟು ಗಂಟೆಗೆ. ಮಳೆ ಅಳೆಯುವ ಹೊತ್ತು ಎಂಟೂವರೆ. ನಿನ್ನೆಯಿಂದ ನಮ್ಮನೆಯವರು ಒಂದು ಥರ ಇದ್ದರು. ಬೆಳಿಗ್ಗೆ ಏಳಕ್ಕೆ, ನಾನು ಸೀರೆ ಉಡುವಾಗ, ಅಂಗಳದಲ್ಲಿ ಗಾಜಿನ ಸದ್ದಾಯ್ತು. ನೋಟುಬುಕ್ ತೆಗೆದು ನೋಡಿದೆ. ‘14. ಹೆಂಡತಿಯ ಉಪನ್ಯಾಸದ ಕಾರಣ ಒಂದೂವರೆ ತಾಸು ಮೊದಲು.’